ಕಾಯುವ ಕೊಠಡಿಯಲ್ಲಿ ದನಿ ಏರಿದಾಗ: ಮುಂಬಯಿಯ ಆಸ್ಪತ್ರೆ ಸಿಬ್ಬಂದಿಗೆ ಒಂದು ಮಾರ್ಗದರ್ಶಿ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳ ಕೌಂಟರಿನ ಹಿಂದೆ ಕೆಲಸ ಮಾಡುವ ಕನ್ನಡಿಗರು ಅನೇಕರಿದ್ದಾರೆ. ಕರಾವಳಿಯಿಂದ ಬಂದು ಇಲ್ಲಿಯೇ ನೆಲೆಸಿದ ದಾದಿಯರಿದ್ದಾರೆ. ಇಲ್ಲಿಯೇ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಹೊರಗೆ ಮರಾಠಿ ಹಿಂದಿಗಳನ್ನೋ ಆಡುವ ರಿಸೆಪ್ಷನಿಸ್ಟರಿದ್ದಾರೆ. ಎದುರಿನ ಬೆಂಚಿನಲ್ಲಿ ಕಾಯುವವರಲ್ಲೂ ನಮ್ಮವರು ಇದ್ದೇ ಇರುತ್ತಾರೆ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಊರಿನಿಂದ ರೋಗಿಯನ್ನು ಕರೆತಂದವರು, ಹೋಟೆಲಿನ ಕೆಲಸದ ನಡುವೆ ಎರಡು ತಾಸು ರಜೆ ಕೇಳಿಕೊಂಡು ಬಂದವರು ಅಲ್ಲಿರುತ್ತಾರೆ. ಈ ಎರಡು ಗುಂಪುಗಳ ನಡುವೆ, ಅಥವಾ ನಮ್ಮ ಸಿಬ್ಬಂದಿಗೂ ಈ ಊರಿನ ಇತರ ಎಲ್ಲರಿಗೂ ನಡುವೆ, ಮಾತಿಗೆ ಮಾತು ಬೆಳೆಯುವ ಗಳಿಗೆ ಯಾವುದೇ ದಿನ ಬರಬಹುದು. ಹೊರರೋಗಿ ವಿಭಾಗದ (ಒಪಿಡಿ) ಕೌಂಟರನ್ನು ವರ್ಷಗಟ್ಟಲೆ ನೋಡಿಕೊಂಡ ನನಗೆ ಮನದಟ್ಟಾದ ಸಂಗತಿ ಇಷ್ಟು: ಹೆಚ್ಚಿನ ಜಗಳಗಳ ಬೇರು ಕೂಗು ಕೇಳಿಸುವುದಕ್ಕಿಂತ ಮುಕ್ಕಾಲು ಗಂಟೆ ಹಿಂದೆಯೇ, ಯಾರೂ ಯಾರಿಗೂ ಏನನ್ನೂ ಹೇಳದೆ ಬಿಟ್ಟ ಹೊತ್ತಿನಲ್ಲಿ ಇಳಿದಿರುತ್ತದೆ. ಆದ್ದರಿಂದ ಸಮಾಧಾನಪಡಿಸುವ ಕೆಲಸದ ಬಹುಭಾಗವನ್ನು ಸಿಟ್ಟು ಬರುವ ಮೊದಲೇ ಮುಗಿಸಬೇಕು, ಮತ್ತು ಆ ಕೆಲಸಕ್ಕೆ ಬೇಕಾದ ಮುಖ್ಯ ಸಾಧನ ನಿಜವಾದ ಮಾಹಿತಿ.

ಕಾಯುವವರ ಮನಸ್ಸು

ಸರತಿಯಲ್ಲಿ ಕಾಯುವವರ ಮನಸ್ಥಿತಿಯ ಬಗ್ಗೆ ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು 1985ರಲ್ಲಿ ಬರೆದ ಮಾತುಗಳು ಇಂದಿಗೂ ನಮ್ಮ ಹಾಲ್‌ಗಳಿಗೆ ಹೊಂದುತ್ತವೆ. ಎಷ್ಟು ಹೊತ್ತು ಎಂದು ತಿಳಿಯದ ಕಾಯುವಿಕೆ ತಿಳಿದಿರುವ ಕಾಯುವಿಕೆಗಿಂತ ಉದ್ದವೆನಿಸುತ್ತದೆ. ಕಾರಣ ಹೇಳದ ವಿಳಂಬ ಕಾರಣ ಹೇಳಿದ ವಿಳಂಬಕ್ಕಿಂತ ಉದ್ದವೆನಿಸುತ್ತದೆ. ಆತಂಕವಿದ್ದಾಗ, ಒಂಟಿಯಾಗಿದ್ದಾಗ, ಅನ್ಯಾಯವಾಗುತ್ತಿದೆ ಎಂದು ಕಂಡಾಗ ಅದೇ ಅರ್ಧ ಗಂಟೆ ಇನ್ನಷ್ಟು ಹಿಗ್ಗುತ್ತದೆ. ಆಸ್ಪತ್ರೆಯ ಕಾಯುವ ಕೊಠಡಿಯಲ್ಲಿ ಇವೆಲ್ಲವೂ ಒಟ್ಟಿಗೆ ಸೇರಿರುತ್ತವೆ ಎಂಬುದನ್ನು ಕೌಂಟರಿನಲ್ಲಿ ಕೂತವರು ಮರೆಯಬಾರದು.

ಮುಂಬಯಿಗೆ ಅದರದೇ ಆದ ಕೆಲವು ಕಾರಣಗಳೂ ಇವೆ. ದಿನಗೂಲಿಯವರಿಗೆ ಬೆಳಗಿನ ಒಪಿಡಿ ತಡವಾದರೆ ಅಂದಿನ ಕೂಲಿ ಹೋಯಿತು. ವಿರಾರ್, ಕಲ್ಯಾಣ ಕಡೆಗೆ ಹೋಗಬೇಕಾದವರು ಸಂಜೆಯ ಲೋಕಲ್‌ನ ನೂಕುನುಗ್ಗಲು ಶುರುವಾಗುವುದರೊಳಗೆ ಮುದುಕರನ್ನು ಕರೆದುಕೊಂಡು ಹೊರಡಬೇಕೆಂದು ಗಡಿಯಾರ ನೋಡುತ್ತಿರುತ್ತಾರೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರಗಳ ಭಯದಿಂದ ಜನ ಹೆಚ್ಚಾಗುತ್ತಾರೆ, ಅದೇ ದಿನಗಳಲ್ಲಿ ಹಳಿಯ ಮೇಲೆ ನೀರು ನಿಂತು ಡಾಕ್ಟರು ದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ರಕ್ತಪರೀಕ್ಷೆಗೆ ಬಂದವರು ಎಂಟು ಹತ್ತು ತಾಸು ಉಪವಾಸವಿದ್ದು ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತಿರುತ್ತಾರೆ. ಹಸಿದ ಸಕ್ಕರೆ ರೋಗಿಯೊಬ್ಬರಿಗೆ "ಸ್ವಲ್ಪ ಕೂತ್ಕೊಳ್ಳಿ" ಎಂದಷ್ಟೇ ಹೇಳಿ ಮರೆತುಬಿಡುವುದು ಜಗಳಕ್ಕೆ ನಾವೇ ಕೊಟ್ಟ ಆಹ್ವಾನ.

ಇವೆಲ್ಲಕ್ಕಿಂತ ದೊಡ್ಡ ಕಿಡಿ ಸರತಿಯ ಕ್ರಮದ್ದು. ಟೈ ಕಟ್ಟಿಕೊಂಡು, ಕೈಯಲ್ಲಿ ಬ್ಯಾಗು ಹಿಡಿದ ಔಷಧ ಕಂಪನಿಯ ಪ್ರತಿನಿಧಿ (ಎಂಆರ್) ನೇರವಾಗಿ ಡಾಕ್ಟರ ಕೋಣೆಗೆ ಹೋಗುವುದನ್ನು ಎರಡು ತಾಸಿನಿಂದ ಕಾದವರು ನೋಡುತ್ತಾರೆ. "ಬರೀ ರಿಪೋರ್ಟ್ ತೋರಿಸೋದು, ಎರಡೇ ನಿಮಿಷ" ಎಂದು ಒಬ್ಬರ ಹಿಂದೆ ಒಬ್ಬರು ನುಸುಳುವುದನ್ನು ನೋಡುತ್ತಾರೆ. ಡ್ರೆಸ್ಸಿಂಗ್‌ಗೂ ಇಂಜೆಕ್ಷನ್‌ಗೂ ಅದೇ ಬಾಗಿಲಿನಿಂದ ಒಳಗೆ ಹೋಗಬೇಕಾದ ಕಡೆ, ಅದು ಬೇರೆ ಸಾಲು ಎಂಬುದು ಹೊರಗಿನವರಿಗೆ ತಿಳಿಯುವ ದಾರಿಯೇ ಇಲ್ಲ. ಅವರ ಕಣ್ಣಿಗೆ ಕಾಣುವುದು ತಮ್ಮ ನಂತರ ಬಂದವರು ಮೊದಲು ಹೋದದ್ದು ಮಾತ್ರ. ಅದನ್ನು ಪ್ರಶ್ನಿಸುವುದು ಅವರ ಹಕ್ಕು ಎಂದು ಒಪ್ಪಿಕೊಂಡ ಸಿಬ್ಬಂದಿಗೆ ಮುಂದಿನ ಮಾತು ಸುಲಭವಾಗುತ್ತದೆ.

ಒಪಿಡಿ ಶುರುವಾಗುವ ಮೊದಲು

ಮೊದಲನೆಯದಾಗಿ, ಸರತಿಯ ನಿಯಮವನ್ನು ಬರೆದು ಎಲ್ಲರಿಗೂ ಕಾಣುವ ಕಡೆ ಹಾಕಿ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇರಲೇಬೇಕು. ನಮ್ಮ ಜನ ಹೆಚ್ಚು ಬರುವ ಬಡಾವಣೆಯಾದರೆ ಕನ್ನಡದಲ್ಲೂ ಒಂದು ಹಾಳೆ ಅಂಟಿಸಿ. ಅದರಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ತುರ್ತು ರೋಗಿಯನ್ನು ನಂಬರ್ ನೋಡದೆ ಮೊದಲು ನೋಡಲಾಗುವುದು, ರಿಪೋರ್ಟ್ ತೋರಿಸುವವರನ್ನು ಇಂತಿಷ್ಟು ಹೊಸ ರೋಗಿಗಳ ನಂತರ ಒಬ್ಬರಂತೆ ಬಿಡಲಾಗುವುದು, ಡ್ರೆಸ್ಸಿಂಗ್ ಮತ್ತು ಇಂಜೆಕ್ಷನ್ ಸಾಲು ಬೇರೆ. ನಾಲ್ಕಕ್ಕೆ ಒಬ್ಬರು ಎಂಬ ಲೆಕ್ಕ ನಮ್ಮಲ್ಲಿ ಚೆನ್ನಾಗಿ ನಡೆಯಿತು. ಎಂಆರ್‌ಗಳಿಗೆ ಒಪಿಡಿ ಮುಗಿದ ಮೇಲಿನ ಸಮಯವನ್ನೇ ಕೊಡುವಂತೆ ಡಾಕ್ಟರನ್ನು ಒಪ್ಪಿಸಿ. ಇದಕ್ಕೆ ಖರ್ಚಿಲ್ಲ, ಆದರೆ ಡಾಕ್ಟರ ಜೊತೆ ಒಮ್ಮೆ ಗಟ್ಟಿಯಾಗಿ ಮಾತಾಡಬೇಕಾಗುತ್ತದೆ, ಮತ್ತು ಆ ಮಾತನ್ನು ಆಡುವುದು ವ್ಯವಸ್ಥಾಪಕರ ಹೊಣೆ. ಅದನ್ನು ಕೌಂಟರಿನ ಹುಡುಗಿಯ ತಲೆಗೆ ಕಟ್ಟಬಾರದು.

ಬರಹದ ಫಲಕಗಳಿಂದ ಏನಾದೀತು ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಸೌತಾಂಪ್ಟನ್ ಮತ್ತು ಲಂಡನ್ನಿನ ಎರಡು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ, ರೋಗಿ ಈಗ ಯಾವ ಹಂತದಲ್ಲಿದ್ದಾನೆ, ಮುಂದೇನಾಗುತ್ತದೆ, ಯಾಕೆ ಕಾಯಬೇಕು ಎಂಬುದನ್ನು ಗೋಡೆಯ ಮೇಲೆಯೇ ಸರಳವಾಗಿ ಬರೆದು ಪ್ರಯೋಗ ಮಾಡಿದಾಗ, ಬೆದರಿಕೆಯ ನಡವಳಿಕೆ ಅರ್ಧದಷ್ಟು ತಗ್ಗಿತೆಂದು ವರದಿಯಾಗಿದೆ. ನಮ್ಮಲ್ಲಿ ಓದಲು ಬಾರದವರೂ ಇರುವುದರಿಂದ ಫಲಕದ ಜೊತೆಗೆ ಬಾಯಿಮಾತೂ ಬೇಕು ಎನ್ನುವುದಷ್ಟೇ ವ್ಯತ್ಯಾಸ.

ಎರಡನೆಯದು, ತಡವಾಗುವುದು ತಿಳಿದ ಕೂಡಲೇ ಹೇಳುವುದು. ಡಾಕ್ಟರು ಆಪರೇಷನ್‌ನಲ್ಲಿ ಸಿಕ್ಕಿಕೊಂಡಿದ್ದರೆ ಎದ್ದು ನಿಂತು ಇಡೀ ಹಾಲಿಗೆ ಕೇಳುವಂತೆ ಹೇಳಿ: "ಡಾಕ್ಟರು ಒಂದು ಆಪರೇಷನ್ ಮುಗಿಸಿ ಬರಬೇಕು. ಹನ್ನೊಂದೂವರೆಗಿಂತ ಮೊದಲು ಬರುವುದಿಲ್ಲ. ಚಹಾ ತಿಂಡಿ ಮಾಡಿಕೊಂಡು ಬರುವವರು ಹೋಗಿಬನ್ನಿ, ನಿಮ್ಮ ನಂಬರ್ ಹೋಗುವುದಿಲ್ಲ. ಇನ್ನೊಂದು ದಿನ ಬರುತ್ತೇವೆ ಎನ್ನುವವರು ನನ್ನ ಹತ್ತಿರ ಬನ್ನಿ, ಈಗಲೇ ನಂಬರ್ ಬರೆದುಕೊಡುತ್ತೇನೆ." ಈ ನಾಲ್ಕು ಮಾತಿನಿಂದ ಅರ್ಧ ಹಾಲ್ ಹಗುರಾಗುತ್ತದೆ. ಬೆಳಿಗ್ಗೆಯೇ ತಿಳಿದಿದ್ದರೆ ನಂಬರ್ ಬುಕ್ ಮಾಡಿದವರಿಗೆ ವಾಟ್ಸಾಪಿನಲ್ಲಿ ತಿಳಿಸಿ, ಮನೆಯಿಂದ ಹೊರಡುವುದನ್ನೇ ತಪ್ಪಿಸಿ.

ಇಲ್ಲಿ ಒಂದು ಅಭ್ಯಾಸವನ್ನು ಕಟ್ಟುನಿಟ್ಟಾಗಿ ಬಿಡಬೇಕು. ಯಾರು ಕೇಳಿದರೂ "ಬಸ್, ಪಾಂಚ್ ಮಿನಿಟ್" ಎನ್ನುವುದು ಈ ಊರಿನ ಕೌಂಟರುಗಳ ಬಾಯಿಗೆ ಅಂಟಿಹೋಗಿದೆ. ಮೊದಲ ಐದು ನಿಮಿಷವನ್ನು ಜನ ನಂಬುತ್ತಾರೆ, ಎರಡನೆಯದನ್ನು ಸಹಿಸುತ್ತಾರೆ, ಮೂರನೆಯದು ಅವಮಾನವಾಗಿ ಕಾಣುತ್ತದೆ. ಸಮಯ ಗೊತ್ತಿಲ್ಲದಿದ್ದರೆ ನಿಮ್ಮ ಮುಂದೆ ಎಷ್ಟು ಜನರಿದ್ದಾರೆ ಎಂದು ಹೇಳಿ. ಅದೂ ಹೇಳಲಾಗದಿದ್ದರೆ, ಮುಂದಿನ ಸುದ್ದಿಯನ್ನು ಎಷ್ಟು ಗಂಟೆಗೆ ಬಂದು ಹೇಳುತ್ತೀರಿ ಎಂಬುದನ್ನು ಹೇಳಿ, ಆ ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೂ ಎದ್ದು ಹೋಗಿ "ಇನ್ನೂ ಆಗಿಲ್ಲ" ಎಂದೇ ಹೇಳಿ. ಮಾತು ಉಳಿಸಿಕೊಂಡವರ ಮೇಲೆ ಜನ ಕೂಗುವುದು ಬಹಳ ಅಪರೂಪ.

ಮೂರನೆಯದು ಜಾಗದ ವಿಚಾರ. ನೀವು ಕೂರುವ ಕಡೆಯಿಂದ ಹೊರಬಾಗಿಲಿಗೆ ಅಡೆತಡೆ ಇರಬಾರದು, ಕೌಂಟರಿನ ಮೇಲೆ ಕತ್ತರಿ, ಗಾಜಿನ ಪೇಪರ್‌ವೇಟ್, ಬಿಸಿ ಚಹಾ ಇರಬಾರದು, ಫ್ಯಾನು ಮತ್ತು ಕುಡಿಯುವ ನೀರು ಕೆಲಸ ಮಾಡುತ್ತಿರಬೇಕು.

ಕೊನೆಯದಾಗಿ, ಸಹಾಯ ಕರೆಯಲು ಒಂದು ಸಾಮಾನ್ಯ ಮಾತನ್ನು ಎಲ್ಲರೂ ಸೇರಿ ಮೊದಲೇ ಗೊತ್ತುಮಾಡಿಕೊಳ್ಳಿ. ವಾರ್ಡಿನ ಮಾಮಾನಿಗೋ (ವಾರ್ಡ್ ಬಾಯ್) ಮಾವಶಿಗೋ (ಆಯಾ) "ಆ ನೀಲಿ ಫೈಲ್ ತನ್ನಿ" ಎಂದರೆ, ಹಿರಿಯರೊಬ್ಬರು ತಕ್ಷಣ ಕೌಂಟರಿಗೆ ಬರಬೇಕೆಂದು ಅರ್ಥ. ಎದುರಿಗಿರುವವರ ಮುಂದೆ "ಸೆಕ್ಯುರಿಟಿ!" ಎಂದು ಕೂಗಿದರೆ, ಇನ್ನೂ ಮಾತಿನಲ್ಲೇ ಇದ್ದದ್ದು ಕೈಗೆ ಹೋಗುತ್ತದೆ.

ಮೊದಲ ಲಕ್ಷಣ ಕಂಡಾಗ

ಕೂಗುವ ಮೊದಲು ಮೈ ಹೇಳುತ್ತದೆ. ಕೂತಲ್ಲಿ ಕೂರದೆ ಅತ್ತಿಂದಿತ್ತ ನಡೆಯುವವರು, ಮೂರನೆಯ ಸಲ ಕೌಂಟರಿಗೆ ಬಂದವರು, ಕೇಸ್ ಪೇಪರನ್ನು ಸುರುಳಿ ಸುತ್ತಿ ತೊಡೆಗೆ ಬಡಿದುಕೊಳ್ಳುವವರು, ಪಕ್ಕದವರಿಗೆ ಹೇಳುವಂತೆ ಮಾಡಿ ನಿಮಗೆ ಕೇಳಿಸಲೆಂದೇ ಗಟ್ಟಿಯಾಗಿ ಮಾತಾಡುವವರು, ಫೋನಿನಲ್ಲಿ "ನೀನೂ ಬಾ, ಅವನನ್ನೂ ಕರ್ಕೊಂಡು ಬಾ" ಎನ್ನುವವರು ನಿಮ್ಮ ಗಮನಕ್ಕೆ ಬರಬೇಕು. ಇವರಲ್ಲಿ ಯಾರನ್ನಾದರೂ ಕಂಡರೆ, ಅವರು ನಿಮ್ಮ ಬಳಿ ಬರುವವರೆಗೆ ಕಾಯದೆ ನೀವೇ ಎದ್ದು ಹೋಗಿ. ಗಾಜಿನ ಹಿಂದಿನಿಂದ ಆಡಿದ ಮಾತಿಗೂ ಬೆಂಚಿನ ಪಕ್ಕಕ್ಕೆ ಬಂದು ಆಡಿದ ಮಾತಿಗೂ ಬಹಳ ಅಂತರವಿದೆ. "ಪಾಟೀಲ ಕಾಕಾ, ನೀವು ಒಂಬತ್ತೂವರೆಯಿಂದ ಇದ್ದೀರಿ, ನನಗೆ ನೆನಪಿದೆ. ನಿಮ್ಮ ಮುಂದೆ ಇನ್ನು ಮೂವರು" ಎಂದು ಹೇಳಲು ಅರ್ಧ ನಿಮಿಷ ಸಾಕು. ತನ್ನನ್ನು ಮರೆತಿಲ್ಲ ಎಂದು ತಿಳಿದ ಮನುಷ್ಯ ಮತ್ತೆ ಕೂರುತ್ತಾನೆ.

ಕರೆಯುವ ರೀತಿಯೂ ಮುಖ್ಯ. ಮರಾಠಿ ಹಿರಿಯರಿಗೆ ಕಾಕಾ, ಕಾಕೂ, ಮಾವಶಿ ಎನ್ನಿ. ನಮ್ಮ ಉತ್ತರ ಕರ್ನಾಟಕದವರಿಗೂ ಕಾಕಾ, ಅಣ್ಣಾರ, ಅಕ್ಕಾರ ಎಂದರೆ ಹತ್ತಿರವೆನಿಸುತ್ತದೆ. ಕೇಸ್ ಪೇಪರಿನಲ್ಲಿ ಹೆಸರಿದ್ದರೆ ಹೆಸರು ಹಿಡಿದು ಬಹುವಚನದಲ್ಲಿ ಕರೆಯುವುದು ಎಲ್ಲಕ್ಕಿಂತ ಒಳ್ಳೆಯದು. ರೋಗದ ಹೆಸರಿನಿಂದ ಮಾತ್ರ ಯಾರನ್ನೂ ಕರೆಯಬೇಡಿ. ಹಾಲಿನ ತುಂಬ ಜನರಿರುವಾಗ ಒಬ್ಬರ ಕಾಯಿಲೆಯನ್ನು ಕೂಗಿ ಹೇಳುವುದು ಗೌಪ್ಯತೆಯ ಉಲ್ಲಂಘನೆಯೂ ಹೌದು, ಆ ಮನುಷ್ಯನ ಮಾನ ಕಳೆಯುವುದೂ ಹೌದು.

ದನಿ ಏರಿದ ಮೇಲೆ

ಇಷ್ಟೆಲ್ಲ ಮಾಡಿದರೂ ಕೂಗು ಬಂದೇ ಬರುತ್ತದೆ. ಆಗ ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ಒಳ್ಳೆಯ ಮಾತೂ ಕೆಲಸ ಮಾಡುವುದಿಲ್ಲ.

ಮೊದಲು ನಿಮ್ಮ ಮೈಯನ್ನು ಸರಿಮಾಡಿಕೊಳ್ಳಿ. ಒಂದು ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಎದುರಿನವರಿಂದ ಎರಡು ತೋಳಳತೆಯಷ್ಟು ದೂರದಲ್ಲಿ, ಎದೆಗೆ ಎದೆ ಕೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ಅಂಗೈಗಳು ಕಾಣುವಂತಿರಲಿ; ಕೈ ಕಟ್ಟುವುದು, ಸೊಂಟದ ಮೇಲೆ ಕೈ ಇಡುವುದು, ಬೆರಳು ತೋರಿಸುವುದು ಬೇಡ. ಅವರು ಕೂತಿದ್ದರೆ ನೀವೂ ಪಕ್ಕದ ಕುರ್ಚಿ ಎಳೆದುಕೊಂಡು ಕೂರಿ. ಅವರ ಹೊರಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ನಿಮ್ಮ ದಾರಿಯನ್ನೂ ಬಿಟ್ಟುಕೊಡಬೇಡಿ. ಸಮಾಧಾನಕ್ಕೆಂದು ಭುಜ ಮುಟ್ಟುವುದು ಒಳ್ಳೆಯ ಮನಸ್ಸಿನಿಂದಲೇ ಆದರೂ, ಸಿಟ್ಟಿನಲ್ಲಿರುವವರಿಗೆ ಅದು ಹಿಡಿದಂತೆ ಅನಿಸಬಹುದು, ಆದ್ದರಿಂದ ಬೇಡ.

ನಂತರ ದನಿ. ಅವರದು ಏರಿದಷ್ಟೂ ನಿಮ್ಮದು ಇಳಿಯಲಿ, ಮಾತು ನಿಧಾನವಾಗಲಿ. ಆದರೆ ತೀರಾ ಮೆತ್ತಗೆ, ಮಗುವಿಗೆ ಹೇಳುವಂತೆ ಹೇಳಿದರೂ ಕೆರಳುತ್ತಾರೆ. ಮಾತಾಡುವುದು ಸಿಬ್ಬಂದಿಯಲ್ಲಿ ಒಬ್ಬರೇ ಆಗಿರಬೇಕು. ಒಂದೇ ಹೊತ್ತಿಗೆ ರಿಸೆಪ್ಷನಿಸ್ಟ್, ದಾದಿ, ಕಾವಲುಗಾರ ಮೂವರೂ ಉತ್ತರ ಕೊಡಲು ಹೊರಟರೆ ರೋಗಿಯ ಕಡೆಯವರಿಗೆ ತಮ್ಮನ್ನು ಮುತ್ತಿಗೆ ಹಾಕಿದಂತೆ ಕಾಣುತ್ತದೆ.

ಆಮೇಲೆ ಕೇಳುವುದು. ಪೂರ್ತಿ ಕೇಳುವುದು. ಒಬ್ಬ ಮನುಷ್ಯ ಅಡೆತಡೆಯಿಲ್ಲದೆ ಕೂಗುವ ಹೊತ್ತು ನಾವು ಹೆದರುವಷ್ಟು ದೀರ್ಘವಲ್ಲ. ನಡುವೆ ಬಾಯಿ ಹಾಕದಿದ್ದರೆ ಒಂದೆರಡು ನಿಮಿಷದಲ್ಲಿ ಅವರೇ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ. ನಡುವೆ ಬಾಯಿ ಹಾಕಿದರೆ ಮೊದಲಿನಿಂದ ಶುರುಮಾಡುತ್ತಾರೆ. "ಶಾಂತ್ ಹೋ ಜಾಯಿಯೇ" ಎಂದಾಗಲಿ, "ಕೂಗಬೇಡಿ, ಇದು ಆಸ್ಪತ್ರೆ" ಎಂದಾಗಲಿ ಹೇಳುವುದರಿಂದ ಶಾಂತರಾದವರನ್ನು ನಾನು ಕಂಡಿಲ್ಲ. ಅದರ ಬದಲು ಮರಾಠಿಯಲ್ಲಿ "ಕಾಯ್ ಝಾಲಂ, ಮಲಾ ಸಾಂಗಾ" ಎಂದು ಕೇಳಿ, ಕನ್ನಡದವರಿಗೆ "ಏನಾಯಿತು, ನನಗೆ ಹೇಳಿ" ಎನ್ನಿ. ಅವರ ಭಾಷೆಯಲ್ಲಿ ಎರಡು ಮಾತು ಬಂದರೂ ಆಡಿ. ದೂರದ ಊರಿನಲ್ಲಿ ಭಾಷೆ ತಿಳಿಯದೆ ಕಂಗಾಲಾದವರಿಗೆ ಸ್ವಂತ ನುಡಿಯೇ ಅರ್ಧ ಸಮಾಧಾನ. ಭಾಷೆ ಬಾರದಿದ್ದರೆ ಬಲ್ಲ ಸಹೋದ್ಯೋಗಿಯನ್ನು ಕರೆಯಿರಿ. ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ಕೌಂಟರಿನ ಒಳಬದಿಗೆ ಅಂಟಿಸಿರುವುದು ಒಳ್ಳೆಯದು.

ಕೇಳಿದ ಮೇಲೆ, ಅವರು ಹೇಳಿದ್ದರಲ್ಲಿ ಯಾವುದು ನಿಜವೋ ಅದನ್ನು ಮೊದಲು ಒಪ್ಪಿಕೊಳ್ಳಿ. ಉದಾಹರಣೆಗೆ, ಒಬ್ಬರು ಹೀಗೆನ್ನುತ್ತಾರೆ ಎಂದಿಟ್ಟುಕೊಳ್ಳೋಣ: "ಎರಡ ತಾಸಾತು ಕುಂತು. ನಮ್ಮ ಹಿಂದ ಬಂದವ್ರು ಒಳಗ ಹೋಗಿ ಬಂದ್ರು. ನಾವೇನ್ ಮನಷ್ಯಾರಲ್ಲೇನ್?" ಇದಕ್ಕೆ "ಎಲ್ಲರೂ ಕಾಯ್ತಿದ್ದಾರೆ, ನೀವೊಬ್ಬರೇ ಅಲ್ಲ" ಎಂಬ ಉತ್ತರ ಎಲ್ಲ ಕೌಂಟರುಗಳಲ್ಲೂ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಕೇಳಿದವರಿಗೆ ತಮ್ಮ ಎರಡು ತಾಸಿಗೆ ಬೆಲೆಯಿಲ್ಲ ಎಂದು ಹೇಳಿದಂತಾಗುತ್ತದೆ. ಹೀಗೆ ಹೇಳಿ ನೋಡಿ: "ಎರಡು ತಾಸು ಕಾದಿದ್ದೀರಿ, ಅದು ಸಣ್ಣ ಮಾತಲ್ಲ ಕಾಕಾ. ನಿಮ್ಮ ಹಿಂದೆ ಬಂದವರು ಒಳಗೆ ಹೋದದ್ದೂ ನಿಜ. ಅವರಲ್ಲಿ ಇಬ್ಬರು ಡ್ರೆಸ್ಸಿಂಗ್‌ಗೆ ಬಂದವರು, ಅದು ಪಕ್ಕದ ಕೋಣೆಯ ಸಾಲು. ಒಬ್ಬರನ್ನು ತುರ್ತೆಂದು ಬಿಟ್ಟೆವು. ಅದನ್ನು ನಿಮಗೆಲ್ಲ ಹೇಳಬೇಕಿತ್ತು, ಹೇಳಲಿಲ್ಲ. ಡಾಕ್ಟರ ಸಾಲಿನಲ್ಲಿ ನಿಮ್ಮ ಮುಂದೆ ಇಬ್ಬರಿದ್ದಾರೆ." ಇದರಲ್ಲಿ ಕ್ಷಮೆ ಇದೆ, ಆದರೆ ಮಾಡದ ತಪ್ಪನ್ನು ಒಪ್ಪಿಕೊಂಡದ್ದಿಲ್ಲ, ಕಾರಣವಿದೆ, ಆದರೆ ಬೇರೆ ರೋಗಿಯ ಕಾಯಿಲೆ ಬಯಲಾಗಿಲ್ಲ, ಮುಂದೇನು ಎಂಬುದೂ ಇದೆ.

ಕೊನೆಯ ಹಂತದಲ್ಲಿ ಆಯ್ಕೆ ಕೊಡಿ, ಎರಡೇ ಕೊಡಿ, ನಿಮ್ಮ ಕೈಯಲ್ಲಿ ಆಗುವುದನ್ನೇ ಕೊಡಿ. "ಇಲ್ಲಿಯೇ ಕೂರುತ್ತೀರಾ, ಅಥವಾ ಕೆಳಗೆ ಗಾಳಿಗೆ ಹೋಗಿ ಬರುತ್ತೀರಾ? ನಿಮ್ಮ ನಂಬರ್ ಬಂದಾಗ ನಾನೇ ಫೋನ್ ಮಾಡುತ್ತೇನೆ." ಇಂದು ಡಾಕ್ಟರನ್ನು ಕಾಣುವುದೋ ನಾಳೆ ಮೊದಲ ನಂಬರಿಗೆ ಬರುವುದೋ ಎಂದು ಕೇಳಬಹುದು. ಗಂಟೆಗಟ್ಟಲೆ ಯಾವುದೂ ತನ್ನ ಕೈಯಲ್ಲಿಲ್ಲ ಎಂದು ಕೂತವರಿಗೆ ಒಂದು ಸಣ್ಣ ತೀರ್ಮಾನ ತಮ್ಮದಾದರೂ ಮನಸ್ಸು ಇಳಿಯುತ್ತದೆ. ಸಾಲು ಮುರಿದು ಒಳಗೆ ಬಿಡುವುದು ಮಾತ್ರ ಆಯ್ಕೆಯಲ್ಲ. ಕೂಗಿದವರನ್ನು ಮೊದಲು ಬಿಟ್ಟರೆ, ಸುಮ್ಮನೆ ಕೂತ ಇಪ್ಪತ್ತು ಜನರಿಗೆ ಕೂಗಬೇಕೆಂದು ನಾವೇ ಕಲಿಸಿದಂತೆ.

ಪ್ರೇಕ್ಷಕರಿದ್ದರೆ ಸಿಟ್ಟು ಇಳಿಯುವುದು ಕಷ್ಟ, ಏಕೆಂದರೆ ಎಲ್ಲರೆದುರು ಹಿಂದೆ ಸರಿಯಲು ಮಾನ ಅಡ್ಡ ಬರುತ್ತದೆ. ಸಾಧ್ಯವಾದರೆ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಒಂದು ಲೋಟ ನೀರು ಕೊಡಿ. ಆದರೆ ಒಬ್ಬರೇ ಹೋಗಬೇಡಿ, ಬಾಗಿಲು ಮುಚ್ಚಬೇಡಿ. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರೆ ಫೋನಿಗೆ ಕೈ ಹಾಕಬೇಡಿ. ಇತರ ರೋಗಿಗಳ ಮುಖ ಬರದಂತೆ ನೋಡಿಕೊಳ್ಳಿ ಎಂದು ಕೇಳಿಕೊಂಡು ಮಾತು ಮುಂದುವರಿಸಿ.

ಸಿಟ್ಟಿನಂತೆ ಕಾಣುವ ಕಾಯಿಲೆ

ಇದನ್ನು ಕೌಂಟರಿನ ಪ್ರತಿಯೊಬ್ಬರಿಗೂ ಕಲಿಸಲೇಬೇಕು. ರಕ್ತದಲ್ಲಿ ಸಕ್ಕರೆ 70 mg/dLಗಿಂತ ಕೆಳಗಿಳಿದ ಮಧುಮೇಹಿ ಬೆವರುತ್ತಾ, ನಡುಗುತ್ತಾ, ಅಸಂಬದ್ಧವಾಗಿ ರೇಗಾಡಬಹುದು. ತಲೆಗೆ ಪೆಟ್ಟು ಬಿದ್ದವರು, ಆಮ್ಲಜನಕ ಕಡಿಮೆಯಾದವರು, ಜ್ವರ ಏರಿ ಬುದ್ಧಿ ಮಂಕಾದ ವೃದ್ಧರು, ಫಿಟ್ಸ್ ಬಂದು ಈಗಷ್ಟೇ ಎಚ್ಚತ್ತವರು, ಕುಡಿತ ಥಟ್ಟನೆ ನಿಲ್ಲಿಸಿದವರು ಜಗಳಗಂಟರಂತೆಯೇ ಕಾಣುತ್ತಾರೆ. ಬೆವರು, ತೊದಲು, ಎಲ್ಲಿದ್ದೇನೆಂದು ತಿಳಿಯದ ನೋಟ, ಇದ್ದಕ್ಕಿದ್ದಂತೆ ಬದಲಾದ ನಡತೆ ಕಂಡರೆ ಸಮಾಧಾನದ ಮಾತನ್ನು ಅಲ್ಲಿಗೇ ಬಿಟ್ಟು ಮೊದಲು ದಾದಿಯನ್ನೋ ಡಾಕ್ಟರನ್ನೋ ಕರೆಯಬೇಕು. ಇವರನ್ನು ಕಾವಲುಗಾರನ ಕೈಯಿಂದ ಹೊರಗೆ ದೂಡಿದರೆ ಜೀವಕ್ಕೇ ಅಪಾಯ. ಕಿವಿ ಮಂದವಿರುವವರ ದನಿ ಸಹಜವಾಗಿಯೇ ದೊಡ್ಡದಿರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಅವರಿಗೆ ಬರೆದು ತೋರಿಸಿ.

ಕುಡಿದು ಬಂದವರೊಡನೆ ವಾದ ಬೇಡ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ಸಂಗತಿ, ಮತ್ತು ಅವರ ಜೊತೆ ಬಂದ ಅಮಲಿಲ್ಲದ ವ್ಯಕ್ತಿಯೊಡನೆ ಮಾತು.

ಬಿಲ್ಲು, ವಿಮೆ, ಸಾವು

ಡಿಸ್ಚಾರ್ಜ್ ದಿನದ ಜಗಳಗಳಲ್ಲಿ ಹೆಚ್ಚಿನವು ಕ್ಯಾಶ್‌ಲೆಸ್ ಮಂಜೂರಾತಿಗೆ ಕಾಯುವಾಗ ಆಗುತ್ತವೆ. ಡಾಕ್ಟರು ಬೆಳಿಗ್ಗೆ ಹತ್ತಕ್ಕೆ "ಮನೆಗೆ ಹೋಗಬಹುದು" ಎಂದಿರುತ್ತಾರೆ, ಸಂಜೆಯಾದರೂ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆಯ (ಟಿಪಿಎ) ಉತ್ತರ ಬಂದಿರುವುದಿಲ್ಲ, ಬೈಗುಳ ಮಾತ್ರ ಬಿಲ್ಲಿಂಗ್ ಕೌಂಟರಿಗೆ ಬೀಳುತ್ತದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಮಂಜೂರಾತಿ ನೀಡಬೇಕು, ಅದಕ್ಕಿಂತ ತಡವಾದದ್ದರಿಂದ ಆಸ್ಪತ್ರೆ ಹೆಚ್ಚುವರಿಯಾಗಿ ವಿಧಿಸುವ ಮೊತ್ತವನ್ನು ಕಂಪನಿಯೇ ಭರಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ನಿಯಮ ಮಾಡಿದೆ. ಕುಟುಂಬಕ್ಕೆ ಇದನ್ನು ತಿಳಿಸಿ, ಕಾಗದಗಳನ್ನು ಎಷ್ಟು ಗಂಟೆಗೆ ಕಳಿಸಿದಿರಿ ಎಂಬುದನ್ನು ಕಂಪ್ಯೂಟರಿನಲ್ಲಿ ತೋರಿಸಿ, ಕಂಪನಿಯ ಸಹಾಯವಾಣಿಗೆ ಅವರ ಎದುರೇ ಫೋನ್ ಮಾಡಿ. ನೀವು ಅವರ ಪರವಾಗಿ ಓಡಾಡುತ್ತಿದ್ದೀರಿ ಎಂಬುದು ಕಣ್ಣಿಗೆ ಕಂಡರೆ ಮಾತಿನ ದಿಕ್ಕು ಬದಲಾಗುತ್ತದೆ. ರಾಜ್ಯ ಸರ್ಕಾರದ ಮಹಾತ್ಮ ಜೋತಿರಾವ್ ಫುಲೆ ಜನಾರೋಗ್ಯ ಯೋಜನೆಯಡಿ ಬರುವವರನ್ನು "ಆ ಕಡೆ ಕೇಳಿ" ಎಂದು ಕೈ ತೋರಿಸಿ ಬಿಡದೆ, ಆ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿನವರೆಗೆ ಕರೆದೊಯ್ದು ಬಿಡಿ.

ಅಪಘಾತದ ಗಾಯಾಳು ಬಂದಾಗ ಪೊಲೀಸ್ ಕಾಗದಪತ್ರದ ಹೆಸರಿನಲ್ಲಿ ಕಾಯಿಸುವಂತಿಲ್ಲ; ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಿಲ್ಲು ಬಾಕಿಯಿದೆ ಎಂದು ಶವವನ್ನು ಹಿಡಿದಿಟ್ಟುಕೊಳ್ಳುವುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿ ಹಕ್ಕುಗಳ ಸನ್ನದು ಒಪ್ಪುವುದಿಲ್ಲ. ಇಂಥ ಕಡೆ ಜನರ ಸಿಟ್ಟು ನ್ಯಾಯದ್ದಾಗಿರುತ್ತದೆ, ಅದನ್ನು ಮಾತಿನ ಜಾಣತನದಿಂದ ತಣಿಸಲು ಹೋಗಬಾರದು. ತಪ್ಪು ನಡೆಯದಂತೆ ನೋಡಿಕೊಳ್ಳಬೇಕು.

ಸಾವಿನ ಸುದ್ದಿಯನ್ನು ಕಾಯುವ ಹಾಲಿನಲ್ಲಿ, ನಿಂತಲ್ಲೇ ಹೇಳಕೂಡದು. ಡಾಕ್ಟರೇ ಕೂರಿಸಿ, ಪ್ರತ್ಯೇಕ ಕೋಣೆಯಲ್ಲಿ, ಮನೆಯವರಲ್ಲಿ ಇಬ್ಬರು ಮೂವರಿಗೆ ಹೇಳಬೇಕು. ದುಃಖದ ಮೊದಲ ಗಳಿಗೆ ಅನೇಕ ಸಲ ಸಿಟ್ಟಿನ ರೂಪದಲ್ಲಿ ಬರುತ್ತದೆ. ಗೋಡೆಗೆ ಗುದ್ದುವವರಿಗೆ ಆಗ ಬೇಕಾದದ್ದು ವಿವರಣೆಯಲ್ಲ, ಪಕ್ಕದಲ್ಲಿ ಯಾರಾದರೂ ನಿಂತಿರುವುದು. ಕಟ್ಟಡದ ಕೆಳಗೆ ನೆಂಟರಿಷ್ಟರು, ಚಾಳಿನ (ವಠಾರದ) ನೆರೆಯವರು, ಸ್ಥಳೀಯ ಕಾರ್ಯಕರ್ತರು ಗುಂಪುಗೂಡಿದರೆ, ಗುಂಪಿನೊಡನೆ ಮಾತಾಡಲು ಹೋಗದೆ, ಅವರಲ್ಲಿ ಹಿರಿಯರೊಬ್ಬರನ್ನು ಗುರುತಿಸಿ "ನೀವು ಒಳಗೆ ಬನ್ನಿ, ಡಾಕ್ಟರು ನಿಮಗೆ ಎಲ್ಲವನ್ನೂ ಹೇಳುತ್ತಾರೆ, ನೀವು ಇವರಿಗೆ ಹೇಳಿ" ಎಂದು ಕೇಳಿಕೊಳ್ಳಿ. "ನಗರಸೇವಕರಿಗೆ (ಕಾರ್ಪೊರೇಟರಿಗೆ) ಫೋನ್ ಮಾಡುತ್ತೇನೆ" ಎಂದವರಿಗೆ "ಮಾಡಿ" ಎಂದು ಶಾಂತವಾಗಿ ಹೇಳಿದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮಾತು ಸಾಲದಿದ್ದಾಗ

ಎಲ್ಲವನ್ನೂ ಮಾತಿನಿಂದ ಇಳಿಸಬಹುದೆಂದು ನಂಬಿ ಯಾರೂ ಪೆಟ್ಟು ತಿನ್ನಬಾರದು. ವಸ್ತುಗಳನ್ನು ಎಸೆಯುವುದು, ಕೊರಳಪಟ್ಟಿಗೆ ಕೈ ಹಾಕುವುದು, ದಾರಿ ಅಡ್ಡಗಟ್ಟುವುದು ಆರಂಭವಾದರೆ ಅಲ್ಲಿಂದ ಸರಿಯಿರಿ, ಇತರ ರೋಗಿಗಳನ್ನೂ ಸರಿಸಿ, 112ಕ್ಕೆ ಕರೆ ಮಾಡಿ. ಕೌಂಟರ್ ಬಿಟ್ಟು ಹೋದದ್ದಕ್ಕೆ ಯಾವ ವ್ಯವಸ್ಥಾಪಕರೂ ಸಿಬ್ಬಂದಿಯನ್ನು ಬಯ್ಯಕೂಡದು. ಬೈಗುಳದ ಮಟ್ಟದಲ್ಲೇ ಇದ್ದರೆ ಗಡಿಯನ್ನು ಒಮ್ಮೆ ಸ್ಪಷ್ಟವಾಗಿ ಹೇಳಿ: "ನಿಮ್ಮ ಕೆಲಸ ಮಾಡಿಕೊಡಲು ನಾನು ಇಲ್ಲಿದ್ದೇನೆ. ಹೀಗೆ ಬೈದರೆ ನಾನು ಒಳಗೆ ಹೋಗಿ ನಮ್ಮ ಹಿರಿಯರನ್ನು ಕಳಿಸುತ್ತೇನೆ." ಹೇಳಿದ ಮೇಲೆ ಹಾಗೆಯೇ ಮಾಡಿ.

ಮಹಾರಾಷ್ಟ್ರದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ತಿ ನಷ್ಟವನ್ನು ತಡೆಯುವ ಕಾನೂನು 2010ರಿಂದ ಜಾರಿಯಲ್ಲಿದೆ. ಅದರಡಿ ಅಪರಾಧ ಜಾಮೀನುರಹಿತ. ಮೂರು ವರ್ಷದವರೆಗೆ ಸೆರೆಮನೆ, 50,000 ರೂಪಾಯಿವರೆಗೆ ದಂಡ, ಹಾಳಾದ ಆಸ್ತಿಯ ಬೆಲೆಯ ಎರಡರಷ್ಟು ಪರಿಹಾರಕ್ಕೆ ಅವಕಾಶವಿದೆ. ಡಾಕ್ಟರು, ದಾದಿಯರಷ್ಟೇ ಅಲ್ಲದೆ ಆಸ್ಪತ್ರೆಯ ಇತರ ಕೆಲಸಗಾರರಿಗೂ ಅದರ ರಕ್ಷಣೆಯಿದೆ. ಈ ಕಾನೂನಿನ ಫಲಕವನ್ನು ಗೋಡೆಗೆ ಹಾಕುವುದು ಸರಿ, ಆದರೆ ಜಗಳದ ನಡುವೆ ಅದರತ್ತ ಬೆರಳು ತೋರಿಸಿ ಹೆದರಿಸುವುದು ಸರಿಯಲ್ಲ. 2017ರ ಮಾರ್ಚ್‌ನಲ್ಲಿ ಸತತ ಹಲ್ಲೆಗಳಿಂದ ಬೇಸತ್ತ ರಾಜ್ಯದ ರೆಸಿಡೆಂಟ್ ಡಾಕ್ಟರುಗಳು ಸಾಮೂಹಿಕವಾಗಿ ರಜೆ ಹಾಕಿದ ನಂತರ ಸಾರ್ವಜನಿಕ ಆಸ್ಪತ್ರೆಗಳಿಗೆ ಮಹಾರಾಷ್ಟ್ರ ಸುರಕ್ಷಾ ಬಲದ ಕಾವಲು ಬಂದಿತು, ರೋಗಿಯ ಜೊತೆ ಬರುವವರ ಸಂಖ್ಯೆಗೂ ಮಿತಿ ಹಾಕಲಾಯಿತು. ದೊಡ್ಡ ಆಸ್ಪತ್ರೆಗಳಿಗೆ ಅದು ಬೇಕು. ಆದರೆ ಸಣ್ಣ ನರ್ಸಿಂಗ್ ಹೋಮ್‌ಗಳು ಬಾಗಿಲಲ್ಲಿ ಬೌನ್ಸರುಗಳನ್ನು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಭಯದಿಂದ ಬಂದವರಿಗೆ ಬಾಗಿಲಲ್ಲೇ ಇನ್ನೊಂದು ಭಯ ತೋರಿಸಬಾರದು. ಅದೇ ಹಣದಲ್ಲಿ ನಾಲ್ಕು ಭಾಷೆ ಬಲ್ಲ, ಹಾಲಿನಲ್ಲಿ ಓಡಾಡಿ ಸುದ್ದಿ ಹೇಳುವ ಒಬ್ಬರನ್ನು ಇಟ್ಟುಕೊಳ್ಳಬಹುದು.

ಗಲಾಟೆ ಮುಗಿದ ನಂತರ

ಉಳಿದ ರೋಗಿಗಳು ಎಲ್ಲವನ್ನೂ ನೋಡಿರುತ್ತಾರೆ. ಅವರತ್ತ ತಿರುಗಿ, ಹೋದವರ ಬಗ್ಗೆ ಒಂದು ಮಾತೂ ಆಡದೆ, "ತಡವಾಯಿತು, ಈಗ 14ನೆಯ ನಂಬರ್" ಎಂದು ಕೆಲಸ ಮುಂದುವರಿಸಿ. ಬೈಸಿಕೊಂಡ ಸಿಬ್ಬಂದಿಯನ್ನು ಹದಿನೈದು ನಿಮಿಷ ಕೌಂಟರಿನಿಂದ ಬಿಡಿಸಿ ಚಹಾಕ್ಕೆ ಕಳಿಸಿ; ಕೈ ನಡುಗುತ್ತಿರುವಾಗ ಮುಂದಿನ ರೋಗಿಯನ್ನು ಎದುರಿಸಿದರೆ ಆ ಸಿಟ್ಟು ತಪ್ಪಿಲ್ಲದವರ ಮೇಲೆ ಬೀಳುತ್ತದೆ. ಪೊಲೀಸ್ ದೂರು ಕೊಡಬೇಕಾದರೆ ಸಂಸ್ಥೆಯೇ ತನ್ನ ಹೆಸರಿನಲ್ಲಿ ಕೊಡಬೇಕು, ಲೋಕಲ್ ಹಿಡಿದು ಒಂಟಿಯಾಗಿ ಮನೆಗೆ ಹೋಗುವ ಹುಡುಗಿಯನ್ನು ಪೊಲೀಸ್ ಠಾಣೆಗೆ ಒಬ್ಬಳೇ ಕಳಿಸಬಾರದು.

ಅಂದೇ ಒಂದು ರಿಜಿಸ್ಟರಿನಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಆಯಿತು, ಆ ವ್ಯಕ್ತಿ ಎಷ್ಟು ಹೊತ್ತು ಕಾದಿದ್ದರು, ಮೊದಲ ದೂರು ಏನಿತ್ತು, ನಾವು ಏನು ಹೇಳಿದೆವು, ಹೇಗೆ ಮುಗಿಯಿತು. ಯಾರು ಸರಿ ಎಂಬ ತೀರ್ಪು ಅದರಲ್ಲಿ ಬೇಡ. ತಿಂಗಳ ಕೊನೆಗೆ ಡಾಕ್ಟರು, ದಾದಿಯರು, ಮಾಮಾ, ಮಾವಶಿ ಎಲ್ಲರೂ ಒಟ್ಟಿಗೆ ಕೂತು ಆ ಪುಟಗಳನ್ನು ಓದಿ. ಸೋಮವಾರದ ಬೆಳಿಗ್ಗೆ, ಒಬ್ಬನೇ ಡಾಕ್ಟರ ಸಾಲು, ಒಂದೇ ರಿಪೋರ್ಟ್ ತೋರಿಸುವ ಗಲಾಟೆ ಮತ್ತೆ ಮತ್ತೆ ಬರುತ್ತಿದ್ದರೆ, ಬದಲಾಗಬೇಕಾದದ್ದು ಆ ದಿನದ ನಂಬರುಗಳ ಸಂಖ್ಯೆ, ಒಪಿಡಿಯ ಸಮಯ, ಅಥವಾ ಆ ಬಾಗಿಲಿನ ಮುಂದೆ ಇನ್ನೊಂದು ಸಾಲು. ಅದನ್ನು ಮುಂದಿನ ಸೋಮವಾರದಿಂದಲೇ ಬದಲಿಸಿ, ಹೊಸ ಸಮಯವನ್ನು ಫಲಕದ ಮೇಲೆ ಬರೆಯಿರಿ.